ಹಳೇ ಡೀಸೆಲ್ ಗಾಡಿಗೆ ಟೆಂಪರೇಚರ್, ಆಯಿಲ್ ಪ್ರೆಶರ್ ಮೀಟರ್ ಹಾಕಿಸಬೇಕು. ಯಾವುದು ಮೊದಲು?

ಹಳೇ ಡೀಸೆಲ್ (ವಿಜಯನಗರ)

ಎಲ್ಲರಿಗೂ ನಮಸ್ಕಾರ. ನಮ್ಮದು 2012ರ ಡೀಸೆಲ್ ಹ್ಯಾಚ್‌ಬ್ಯಾಕ್. ಅಪ್ಪ ತಗೊಂಡಿದ್ದು, ಈಗ ನಾನು ಓಡಿಸುತ್ತಿದ್ದೇನೆ. 1,60,000 ಕಿಲೋಮೀಟರ್ ಆಗಿದೆ. ಮಾರುವ ಮನಸ್ಸಿಲ್ಲ.

ಮೂರು ತಿಂಗಳ ಹಿಂದೆ ಹಾಸನದಿಂದ ವಾಪಸ್ ಬರುತ್ತಿದ್ದೆವು. ನೆಲಮಂಗಲ ದಾಟಿದ ಮೇಲೆ ಟ್ರಾಫಿಕ್ ತೆವಳುತ್ತಿತ್ತು. ಟೆಂಪರೇಚರ್ ಮುಳ್ಳು ಎಂದಿನಂತೆ ನಡುವೆ ನಿಂತಿತ್ತು. 8ನೇ ಮೈಲಿ ಹತ್ತಿರ ಅದು ಮೆಲ್ಲಗೆ ಕೆಳಗಿಳಿಯಿತು. ಎಂಜಿನ್ ತಣ್ಣಗಾಗುತ್ತಿದೆ ಅಂದುಕೊಂಡೆ. ಗೊರಗುಂಟೆಪಾಳ್ಯ ಬರುವಷ್ಟರಲ್ಲಿ ಪಿಕಪ್ ಸತ್ತುಹೋಯಿತು. ಬಾನೆಟ್ ಸಂದಿಯಿಂದ ಹಬೆ, ಜೊತೆಗೆ ಒಂಥರಾ ಸಿಹಿ ವಾಸನೆ. ಬದಿಗೆ ಹಾಕಿ ನೋಡಿದರೆ ಹೀಟರ್‌ಗೆ ಹೋಗುವ ರಬ್ಬರ್ ಪೈಪು ಕ್ಲಾಂಪ್ ಪಕ್ಕದಲ್ಲೇ ಸೀಳಿತ್ತು. ಒಂದು ತೊಟ್ಟು ಕೂಲಂಟ್ ಉಳಿದಿರಲಿಲ್ಲ. ಕೆಂಪು ದೀಪ ಕೊನೆವರೆಗೂ ಹತ್ತಲೇ ಇಲ್ಲ.

ಎಂಜಿನ್ ಮೇಲ್ಭಾಗದ ಸಿಲಿಂಡರ್ ಹೆಡ್ ಬಿಚ್ಚಿಸಿ, ಅದರ ತಳ ಸಮ ಮಾಡುವ ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿಸಿದೆ. ಒಂದು ತಿಂಗಳ ಸಂಬಳ ಪೂರ್ತಿ ಹೋಯಿತು. ಈಗ ಹೊರಗಿನ ಮೀಟರ್ ಹಾಕಿಸಬೇಕು ಅಂತ ತೀರ್ಮಾನ ಮಾಡಿದ್ದೇನೆ. ಜೆ.ಸಿ. ರಸ್ತೆಯಲ್ಲಿ ಒಂದು ಅಂಗಡಿಯವರು ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ), ಆಯಿಲ್ ಪ್ರೆಶರ್, ವಾಟರ್ ಟೆಂಪರೇಚರ್ ಮೂರೂ ಸೇರಿದ ಸೆಟ್ ತೋರಿಸಿದರು. ಮುಂಗಾಜಿನ ಪಕ್ಕದ ಪಿಲ್ಲರ್ ಮೇಲೆ ಸಾಲಾಗಿ ಕೂರಿಸಿಕೊಡುತ್ತಾರಂತೆ. ನನಗೆ ಅಂದ ಬೇಡ. ಇನ್ನೊಂದು ಸಲ ಹೀಗಾಗಬಾರದು, ಅಷ್ಟೆ. ಏನು ಹಾಕಿಸಲಿ?

ಘಾಟಿ ಸವಾರ (ಜಯನಗರ)

ಓದಿ ಹೊಟ್ಟೆ ಕಿವುಚಿದಂತಾಯಿತು. ಮೊದಲು ಆ ಮುಳ್ಳಿನ ವಿಷಯ ಹೇಳುತ್ತೇನೆ.

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ನಿಜವಾದ ಅಳತೆ ತೋರಿಸುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಅದನ್ನು ಬೇಕೆಂದೇ ನಡುವೆ ನಿಲ್ಲುವಂತೆ ಮಾಡಿರುತ್ತಾರೆ. ಮುಳ್ಳು ಸ್ವಲ್ಪ ಅಲ್ಲಾಡಿದರೂ ಜನ ಹೆದರಿ ಸರ್ವಿಸ್ ಸೆಂಟರಿಗೆ ಓಡುತ್ತಾರೆ ಅಂತ. ನಾನು ನನ್ನ ಗಾಡಿಯಲ್ಲಿ ಒಬಿಡಿ ಅಡಾಪ್ಟರ್ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಸಾಧನ) ಹಾಕಿ ಫೋನಿನಲ್ಲಿ ನೋಡುತ್ತಾ ಕೂತಿದ್ದೆ. 78 ಡಿಗ್ರಿಗೆ ಮುಳ್ಳು ನಡುವೆ ಬಂತು. 104 ಆದರೂ ಅಲ್ಲೇ ಇತ್ತು. ಅಂದರೆ 26 ಡಿಗ್ರಿ ಏರಿದರೂ ಮುಳ್ಳು ಕದಲಲಿಲ್ಲ. ಈಗಿನ ಸಣ್ಣ ಕಾರುಗಳಲ್ಲಿ ಎಷ್ಟೋ ಕಡೆ ಮುಳ್ಳೇ ಇಲ್ಲ, ನೀಲಿ ದೀಪ, ಕೆಂಪು ದೀಪ ಎರಡೇ.

ಮೂರು ಮೀಟರಿಗೆ ದುಡ್ಡು ಸುರಿಯುವ ಮೊದಲು ಒಬಿಡಿ ಅಡಾಪ್ಟರ್ ಒಂದನ್ನು ತಂದು ನೋಡಿ. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ನಮ್ಮಲ್ಲಿ 2013ರ ಏಪ್ರಿಲ್ ನಂತರದ ಬಿಎಸ್ 4 (ಹೊಗೆ ನಿಯಮ) ಕಾರುಗಳಿಗೆ ಒಬಿಡಿ 2 ಕಡ್ಡಾಯವಾಯಿತು. ನಿಮ್ಮದು ಅದಕ್ಕಿಂತ ಮುಂಚಿನದು. ಆದರೂ ಕೆಲಸ ಮಾಡಬಹುದು, ಚುಚ್ಚಿ ನೋಡಿದರೆ ಗೊತ್ತಾಗುತ್ತದೆ.

ಹನ್ನೆರಡು ವೋಲ್ಟ್ (ವಿಲ್ಸನ್ ಗಾರ್ಡನ್)

ಘಾಟಿ ಸವಾರರು ಹೇಳಿದ್ದು ಸರಿ. ಆದರೆ ಹಳೇ ಡೀಸೆಲ್ ಸಾರ್‌ಗೆ ಆದ ತೊಂದರೆಗೆ ಒಬಿಡಿ ಮದ್ದಲ್ಲ. ಯಾಕೆ ಅಂತ ಹೇಳುತ್ತೇನೆ. ನಾನು ಕಾರ್ ವೈರಿಂಗ್ ಕೆಲಸ ಮಾಡುತ್ತಿರುವವನು.

ಟೆಂಪರೇಚರ್ ಸೆನ್ಸರ್ ಕೂಲಂಟ್ ಒಳಗೆ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ಪೈಪು ಒಡೆದು ಕೂಲಂಟ್ ಖಾಲಿಯಾದರೆ ಅದರ ತುದಿ ಗಾಳಿಯಲ್ಲಿ ನೇತಾಡುತ್ತದೆ. ಸುತ್ತಲಿನ ಲೋಹ ಸುಡುತ್ತಿರುತ್ತದೆ, ಸೆನ್ಸರ್‌ಗೆ ಮಾತ್ರ ತಣ್ಣಗೆ ಕಾಣುತ್ತದೆ. ನಿಮ್ಮ ಮುಳ್ಳು ಕೆಳಗಿಳಿದಿದ್ದು ಇದೇ ಕಾರಣಕ್ಕೆ. ಫೋನಿಗೆ ಬರುವ ಅಂಕಿಯೂ ಅದೇ ಸೆನ್ಸರ್‌ನಿಂದ ಬರುವುದು, ಅದೂ ಕೆಳಗೇ ಇಳಿದಿರುತ್ತಿತ್ತು. ಜೆ.ಸಿ. ರಸ್ತೆಯ ವಾಟರ್ ಟೆಂಪರೇಚರ್ ಮೀಟರಿನ ಕಥೆಯೂ ಅಷ್ಟೆ. ಅದರ ಸೆನ್ಸರನ್ನು ರೇಡಿಯೇಟರ್ ಮೇಲಿನ ಪೈಪು ಕತ್ತರಿಸಿ, ನಡುವೆ ಅಡಾಪ್ಟರ್ ಸೇರಿಸಿ ಕೂರಿಸುತ್ತಾರೆ. ಮೊದಲು ಖಾಲಿಯಾಗುವುದೇ ಆ ಜಾಗ.

ನಿಮಗೆ ಬೇಕಾದ್ದು ಎರಡು. ಒಂದು, ಸಿಲಿಂಡರ್ ಹೆಡ್ಡಿನ ಲೋಹದ ಬಿಸಿ ಅಳೆಯುವ ಅಲಾರಂ. ಅದರ ಸೆನ್ಸರ್ ಉಂಗುರದ ಥರ ಇರುತ್ತದೆ. ಹೆಡ್ ಮೇಲಿನ ಯಾವುದಾದರೂ ಸಣ್ಣ ಬೋಲ್ಟಿನ ಕೆಳಗೆ ವಾಷರ್ ಹಾಗೆ ಕೂರುತ್ತದೆ. ಹೆಡ್ ಬೋಲ್ಟ್ ಮುಟ್ಟಬೇಡಿ, ಬ್ರಾಕೆಟ್ ಹಿಡಿದಿರುವ ಬೋಲ್ಟ್ ಸಾಕು. ಕೂಲಂಟ್ ಇರಲಿ ಬಿಡಲಿ, ಲೋಹ ಬಿಸಿಯಾದರೆ ಕೂಗುತ್ತದೆ. ಎರಡು, ಕೂಲಂಟ್ ಟ್ಯಾಂಕಿಗೆ ಲೆವೆಲ್ ಸೆನ್ಸರ್. ಇದು ಬಿಸಿಯಾಗುವುದಕ್ಕೂ ಮೊದಲೇ ಹೇಳುತ್ತದೆ.

ಪಿಲ್ಲರ್ ಮೇಲೆ ಮೀಟರ್ ಕೂರಿಸುವುದು ದಯವಿಟ್ಟು ಬೇಡ. ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಅದು ಆ ಪ್ಲಾಸ್ಟಿಕ್ ಹಿಂದೆಯೇ ಮಡಚಿ ಕೂತಿರುತ್ತದೆ. ಅದು ಉಬ್ಬುವಾಗ ಮೀಟರ್ ಕಿತ್ತುಬಂದು ಮುಖಕ್ಕೇ ಬಡಿಯುತ್ತದೆ. ನಿಮ್ಮ ಗಾಡಿಯಲ್ಲಿ ಆ ಬ್ಯಾಗ್ ಇಲ್ಲದಿದ್ದರೂ, ತಲೆ ಹೋಗಿ ಬಡಿಯುವ ಜಾಗದಲ್ಲಿ ಗಟ್ಟಿ ವಸ್ತು ಯಾಕೆ?

ಬನಶಂಕರಿ ಟರ್ಬೊ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಟರ್ಬೊ ಪೆಟ್ರೋಲ್. ಫೋನಿನ ಆಪ್‌ನಲ್ಲಿ ಬೂಸ್ಟ್ ಮೀಟರ್ ಇಟ್ಟುಕೊಂಡಿದ್ದೇನೆ. ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ತಿರುಗಿಸಿದರೂ ಮೈನಸ್ 10 ಕಿಲೋಪ್ಯಾಸ್ಕಲ್ ತೋರಿಸುತ್ತದೆ. ಸೊನ್ನೆ ಇರಬೇಕಲ್ವಾ? ಗ್ಯಾರೇಜಿನಲ್ಲಿ ಸೆನ್ಸರ್ ಹೋಗಿದೆ, ಬದಲಾಯಿಸಿ ಅಂದರು. ಹೋದ ತಿಂಗಳು ಮಂಗಳೂರಿಗೆ ಹೋಗಿದ್ದಾಗ ಸೊನ್ನೆ ತೋರಿಸುತ್ತಿತ್ತು. ವಾಪಸ್ ಬಂದ ಮೇಲೆ ಮತ್ತೆ ಮೈನಸ್ 10.

ಘಾಟಿ ಸವಾರ (ಜಯನಗರ)

ಮೇಡಂ, ಸೆನ್ಸರ್ ಬದಲಾಯಿಸಬೇಡಿ! ಅದು ಚೆನ್ನಾಗಿದೆ. ಅದು ತೋರಿಸುತ್ತಿರುವುದು ನಮ್ಮ ಬೆಂಗಳೂರಿನ ಎತ್ತರವನ್ನು.

ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಮಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್. ಇಲ್ಲಿ 91ರ ಆಸುಪಾಸು. ಎಂಜಿನ್ನಿಗೆ ಹೋಗುವ ಗಾಳಿಯ ಒಟ್ಟು ಒತ್ತಡವನ್ನು ಕಾರಿನ ಮ್ಯಾಪ್ ಸೆನ್ಸರ್ ಅಳೆಯುತ್ತದೆ. ಎಂಜಿನ್ ನಿಂತಿದ್ದಾಗ ಹೊರಗಿನ ಗಾಳಿಯೇ ಅದಕ್ಕೆ ಸಿಗುವುದು, ಅಂದರೆ 91. ನಿಮ್ಮ ಆಪ್ ಎಲ್ಲ ಊರನ್ನೂ ಸಮುದ್ರ ತೀರ ಅಂದುಕೊಂಡು 101 ಕಳೆಯುತ್ತಿದೆ. ಅದಕ್ಕೇ ಮೈನಸ್ 10. ಆಪ್ ಸೆಟ್ಟಿಂಗ್ಸ್‌ನಲ್ಲಿ ಹೊರಗಿನ ಒತ್ತಡವನ್ನು ಕಾರಿನಿಂದಲೇ ತೆಗೆದುಕೊಳ್ಳುವ ಆಯ್ಕೆ ಇದೆಯಾ ನೋಡಿ. ಇಲ್ಲದಿದ್ದರೆ 91 ಅಂತ ನೀವೇ ಹಾಕಿ.

ಎಂಜಿನ್ ಗಾಳಿ ಎಳೆಯುವ ಬಲ ತೋರಿಸುವ ವ್ಯಾಕ್ಯೂಮ್ ಮೀಟರ್ ಇರುವವರಿಗೂ ಇದೇ ಗೊಂದಲ. ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವಾಗ) 18ರಿಂದ 20 ಇಂಚು (ಪಾದರಸದ ಅಳತೆ) ತೋರಿಸಬೇಕು ಅಂತ ಎಲ್ಲ ಕಡೆ ಬರೆದಿರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಸಾವಿರ ಅಡಿಗೆ ಒಂದು ಇಂಚು ಕಳೆಯಬೇಕು. ನಾವು 3,000 ಅಡಿ ಮೇಲಿದ್ದೇವೆ. ಇಲ್ಲಿ 16, 17 ಬಂದರೆ ಎಂಜಿನ್ ಗಟ್ಟಿಯಾಗಿದೆ ಅಂತಲೇ ಅರ್ಥ. 16 ತೋರಿಸಿತು ಅಂತ ವಾಲ್ವ್ ಕೆಲಸ ಮಾಡಿಸಿದವರನ್ನು ನೋಡಿದ್ದೇನೆ.

ಹದಿನೆಂಟನೇ ಕ್ರಾಸ್ (ಮಲ್ಲೇಶ್ವರ)

ಎತ್ತರದ ಮಾತು ಬಂದದ್ದು ಒಳ್ಳೆಯದಾಯಿತು. ನನಗೆ 64 ವರ್ಷ. ನಾಲ್ಕು ದಶಕದಿಂದ ಗಾಡಿ ಓಡಿಸುತ್ತಿದ್ದೇನೆ.

ಬೆಂಗಳೂರಿನಲ್ಲಿ ತೆರೆದ ಪಾತ್ರೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಫ್ಯಾನ್ ಶುರುವಾಗುವುದೇ ಎಷ್ಟೋ ಗಾಡಿಗಳಲ್ಲಿ 95ರ ಮೇಲೆ. ಹಾಗಿದ್ದರೂ ಕುದಿಯದೆ ಇರುವುದು ರೇಡಿಯೇಟರ್ ಮುಚ್ಚಳದ ದೆಸೆಯಿಂದ. 1.1 (ಬಾರ್) ಅಂತ ಬರೆದಿರುವ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟು, ಬರೀ ನೀರನ್ನೂ ಸುಮಾರು 120 ಡಿಗ್ರಿವರೆಗೆ ಕುದಿಯದಂತೆ ತಡೆಯುತ್ತದೆ. ಅದರ ರಬ್ಬರ್ ವಾಷರ್ ಬಿರುಕು ಬಿಟ್ಟರೆ ಆ ರಕ್ಷಣೆ ಹೋಯಿತು. ಸಣ್ಣ ಬೆಲೆಯ ಮುಚ್ಚಳ ಅದು. ಹತ್ತು ವರ್ಷ ದಾಟಿದ ಗಾಡಿಯಲ್ಲಿ ಎಷ್ಟು ಜನ ಅದನ್ನು ಬದಲಾಯಿಸಿದ್ದಾರೆ?

ಹಳೇ ಡೀಸೆಲ್ ಅವರೇ, ಒಡೆದ ಪೈಪು ಒಂದನ್ನೇ ಬದಲಾಯಿಸಿದಿರೋ, ಎಲ್ಲವನ್ನೂ ಬದಲಾಯಿಸಿದಿರೋ? ಒಂದು ಹೋಗಿದೆ ಅಂದರೆ ಅದೇ ವಯಸ್ಸಿನ ಉಳಿದವೂ ಸರದಿಯಲ್ಲಿ ನಿಂತಿವೆ. ಬೆರಳಲ್ಲಿ ಹಿಸುಕಿ ನೋಡಿ. ಒಳಗೆ ಕರಕರ ಅಂದರೆ ಹೋದಂತೆಯೇ. ಮೊದಲು ಪೈಪು, ಕ್ಲಾಂಪ್, ಮುಚ್ಚಳ, ಥರ್ಮೋಸ್ಟಾಟ್. ಮೀಟರ್ ಅದಾದ ಮೇಲೆ. ಇನ್ನೊಂದು ಮಾತು. ಹೆಬ್ಬಾಳದ ಟ್ರಾಫಿಕ್‌ನಲ್ಲಿ ಎಡಕ್ಕೆ ಸ್ಕೂಟರ್, ಬಲಕ್ಕೆ ಬಸ್ಸು. ಮೂರು ಮೀಟರ್ ನೋಡಲು ಯಾರಿಗೆ ಕಣ್ಣಿದೆ? ಕಿವಿಗೆ ಕೇಳುವಂಥದ್ದು ಹಾಕಿಸಿ.

ಹಳೇ ಡೀಸೆಲ್ (ವಿಜಯನಗರ)

ಸಾರ್, ನೀವು ಹೇಳಿದ ಮೇಲೆ ಹೋಗಿ ಹಿಸುಕಿ ನೋಡಿದೆ. ಕೆಳಗಿನ ದೊಡ್ಡ ಪೈಪು ಕಲ್ಲಿನ ಹಾಗಿತ್ತು. ಬೈಪಾಸ್ ಪೈಪಿನ ಮೇಲೆ ಸಣ್ಣ ಸಣ್ಣ ಸೀಳು. ನಾನು ಒಂದನ್ನೇ ಬದಲಾಯಿಸಿದ್ದೆ. ಈಗ ಎಲ್ಲವನ್ನೂ ತರಿಸಿದ್ದೇನೆ, ಮುಚ್ಚಳ ಸಮೇತ. ತುಂಬಾ ಥ್ಯಾಂಕ್ಸ್.

ಒಬಿಡಿ ಕೂಡ ಕೆಲಸ ಮಾಡಿತು. ಆದರೆ ಆಯಿಲ್ ಪ್ರೆಶರ್ ಎಲ್ಲೂ ಕಾಣುತ್ತಿಲ್ಲ. ಮತ್ತೆ ನಾಲ್ಕು ದಿನ ಗಾಡಿ ತೆಗೆದಿರಲಿಲ್ಲ, ಬ್ಯಾಟರಿ ಕೂತುಬಿಟ್ಟಿತು. ಅಡಾಪ್ಟರ್ ಕಾರಣವಾ?

ಹನ್ನೆರಡು ವೋಲ್ಟ್ (ವಿಲ್ಸನ್ ಗಾರ್ಡನ್)

ಅಡಾಪ್ಟರ್ ಕಾರಣ ಇರಬಹುದು. ಆ ಸಾಕೆಟ್ಟಿನ 16ನೇ ಪಿನ್ನಿಗೆ ಬ್ಯಾಟರಿಯಿಂದ ನೇರ ಕರೆಂಟ್ ಇರುತ್ತದೆ. ಕೀ ತೆಗೆದರೂ ಅಡಾಪ್ಟರ್ ಎಚ್ಚರವಾಗಿಯೇ ಇರುತ್ತದೆ. ಹೊಸ ಬ್ಯಾಟರಿ ನಾಲ್ಕು ದಿನಕ್ಕೆ ಕೂರಬಾರದು, ನಿಮ್ಮದಕ್ಕೂ ವಯಸ್ಸಾಗಿರಬೇಕು. ಟೆಸ್ಟ್ ಮಾಡಿಸಿ. ಗಾಡಿ ನಿಲ್ಲಿಸಿದಾಗ ಅಡಾಪ್ಟರ್ ಕಿತ್ತಿಡಿ. ಇಎಲ್‌ಎಂ 327 ಅಂತ ಅಗ್ಗಕ್ಕೆ ಸಿಗುವುದರಲ್ಲಿ ಹೆಚ್ಚಿನವು ನಕಲು. ನಿದ್ದೆಗೆ ಹೋಗುವ ವ್ಯವಸ್ಥೆ ಅವುಗಳಲ್ಲಿ ಇರುವುದು ಕಡಿಮೆ.

ಆಯಿಲ್ ಪ್ರೆಶರ್ ಒಬಿಡಿಯ ಸಾಮಾನ್ಯ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ನಿಮ್ಮ ಎಂಜಿನ್‌ನಲ್ಲಿ ಇರುವುದು ಬರೀ ಸ್ವಿಚ್ಚು. ಒತ್ತಡ ಸುಮಾರು ಅರ್ಧ ಬಾರ್‌ಗಿಂತ ಕೆಳಗೆ ಬಿದ್ದಾಗ ದೀಪ ಹತ್ತಿಸುತ್ತದೆ. ಗಾಡಿ 3,000 ಆರ್‌ಪಿಎಂನಲ್ಲಿ ಓಡುವಾಗ ಅರ್ಧ ಬಾರ್ ಅಂದರೆ ಬೇರಿಂಗ್ ಆಗಲೇ ಸವೆಯುತ್ತಿದೆ ಅಂತ ಅರ್ಥ. ಹಾಗಾಗಿ ಹೊರಗಿನಿಂದ ಹಾಕಿಸುವ ಮೀಟರ್‌ಗಳಲ್ಲಿ ನನ್ನ ವೋಟು ಆಯಿಲ್ ಪ್ರೆಶರ್‌ಗೆ. ಬೂಸ್ಟ್ ಬಿಟ್ಟುಬಿಡಿ, ಅದನ್ನು ಮ್ಯಾಪ್ ಸೆನ್ಸರ್‌ನಿಂದ ಫೋನಿನಲ್ಲೇ ನೋಡಬಹುದು.

ಹಾಕುವಾಗ ಕೆಲವು ವಿಷಯ ನೆನಪಿಡಿ. ಎಲೆಕ್ಟ್ರಿಕ್ ಮೀಟರನ್ನೇ ತಗೊಳ್ಳಿ. ಮೆಕ್ಯಾನಿಕಲ್ ಮೀಟರಿಗೆ ಬಿಸಿ ಆಯಿಲ್ ಸಣ್ಣ ಪೈಪಿನಲ್ಲಿ ಗಾಡಿಯೊಳಗೇ ಬರುತ್ತದೆ. ಅದು ಒಡೆದರೆ ನಿಮ್ಮ ಮೊಣಕಾಲ ಮೇಲೆ. ಆಮೇಲೆ ಮರೆ, ಅಂದರೆ ತಿರುಪಿನ ಸುತ್ತು (ಥ್ರೆಡ್). ಹೊರಗಿನ ಸೆನ್ಸರ್‌ಗಳು ಹೆಚ್ಚಾಗಿ ಎನ್‌ಪಿಟಿ ಮರೆಯಲ್ಲಿ ಬರುತ್ತವೆ. ಜಪಾನ್ ಕಡೆಯ ಎಂಜಿನ್‌ಗಳಲ್ಲಿ ಬಿಎಸ್‌ಪಿಟಿ. ಒಂದರಲ್ಲಿ ಇಂಚಿಗೆ 27 ಸುತ್ತು, ಇನ್ನೊಂದರಲ್ಲಿ 28. ನೋಡಲು ಒಂದೇ ಥರ. ಎರಡು ಸುತ್ತು ಹೋಗುತ್ತದೆ, ಮೂರನೆಯದಕ್ಕೆ ಬಿಗಿಯಾಗುತ್ತದೆ. ಅಲ್ಲಿ ಬಲ ಹಾಕಿದರೆ ಎಂಜಿನ್ ಬ್ಲಾಕಿನ ಮರೆ ಹೋಯಿತು. ಹಳೇ ಸ್ವಿಚ್ ಬಿಚ್ಚಿ ಕೈಯಲ್ಲಿ ಹಿಡಿದು ಪೀಣ್ಯದ ಯಾವುದಾದರೂ ಹೈಡ್ರಾಲಿಕ್ ಫಿಟ್ಟಿಂಗ್ ಅಂಗಡಿಗೆ ಹೋಗಿ, ಗೇಜ್ ಇಟ್ಟು ನೋಡಿ ಹೇಳುತ್ತಾರೆ.

ಹಳೇ ಡೀಸೆಲ್ (ವಿಜಯನಗರ)

ಎಲ್ಲ ಹಾಕಿದ್ದಾಯಿತು. ಎರಡು ಭಾನುವಾರ ಹಿಡಿಯಿತು. ಮುಂದೆ ಯಾರಿಗಾದರೂ ಉಪಯೋಗವಾಗಲಿ ಅಂತ ವಿವರವಾಗಿ ಬರೆಯುತ್ತೇನೆ.

ಸೆನ್ಸರ್ ಕೂರಿಸಲು ಆಯಿಲ್ ಫಿಲ್ಟರ್ ಮತ್ತು ಬ್ಲಾಕ್ ನಡುವೆ ಸ್ಯಾಂಡ್‌ವಿಚ್ ಪ್ಲೇಟ್ ಹಾಕೋಣ ಅಂತಿದ್ದೆ. ನನ್ನ ಎಂಜಿನ್‌ನಲ್ಲಿ ತಿರುಗಿಸಿ ಹಾಕುವ ಡಬ್ಬಿ ಫಿಲ್ಟರ್ ಇಲ್ಲ, ಒಳಗೆ ಕಾಗದದ ಎಲಿಮೆಂಟ್ ಮಾತ್ರ. ಹಾಗಾಗಿ ಪ್ಲೇಟ್ ಕೂರುವುದಿಲ್ಲ. ಸ್ವಿಚ್ಚಿನ ಜಾಗಕ್ಕೆ ಹಿತ್ತಾಳೆಯ ಟಿ (ಟಿ ಆಕಾರದ ಫಿಟ್ಟಿಂಗ್) ಹಾಕಿ, ಒಂದು ಕಡೆ ಹಳೇ ಸ್ವಿಚ್, ಇನ್ನೊಂದು ಕಡೆ ಹೊಸ ಸೆನ್ಸರ್ ಅಂತ ಯೋಚಿಸಿದೆ. ಪೀಣ್ಯದ ಅಂಗಡಿಯವರು ಸೆನ್ಸರನ್ನು ಕೈಯಲ್ಲಿ ತೂಗಿ ನೋಡಿ ಬೇಡ ಅಂದರು. ಡಬ್ಬಿ ಥರದ ಭಾರದ ಸೆನ್ಸರ್ ಅದು. ಡೀಸೆಲ್ ಎಂಜಿನ್ ನಡುಗುವ ನಡುಗಿಗೆ ಹಿತ್ತಾಳೆ ಒಂದು ದಿನ ಕುತ್ತಿಗೆಯಲ್ಲಿ ಮುರಿಯುತ್ತದೆ, ಆಯಿಲ್ ಪೂರ್ತಿ ರಸ್ತೆ ಮೇಲೆ ಅಂದರು. ಹಾಗಾಗಿ ಸ್ಟೀಲ್ ಹೆಣೆದ ಒಂದು ಅಡಿ ಹೋಸ್ ಮಾಡಿಸಿ, ಟಿ ಮತ್ತು ಸೆನ್ಸರ್ ಎರಡನ್ನೂ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಾದ ಫೈರ್‌ವಾಲ್ ಪಕ್ಕದ ಬ್ರಾಕೆಟ್‌ಗೆ ಕಟ್ಟಿದೆ.

ಸ್ಟಾರ್ಟ್ ಮಾಡಿದರೆ ಮುಳ್ಳು ನೇರ ಕೊನೆಗೆ ಹೋಗಿ ನಿಂತಿತು! ಎದೆ ಧಸಕ್ ಅಂತು. ಹನ್ನೆರಡು ವೋಲ್ಟ್ ಅಣ್ಣನಿಗೆ ಮೆಸೇಜ್ ಮಾಡಿದೆ. ಮರೆಗೆ ಟೆಫ್ಲಾನ್ ಟೇಪ್ ಸುತ್ತಿದ್ದೀರಾ, ಅರ್ಥಿಂಗ್ ಎಲ್ಲಿಂದ ಕೊಟ್ಟಿದ್ದೀರಿ ಅಂತ ಕೇಳಿದರು. ಒಂದೇ ವೈರಿನ ಸೆನ್ಸರ್‌ಗೆ ಅದರ ಮೈಯೇ ಅರ್ಥಿಂಗ್. ನಾನು ದಪ್ಪಗೆ ಟೇಪ್ ಸುತ್ತಿದ್ದೆ, ಬ್ರಾಕೆಟ್ ಮೇಲೆ ಪೇಂಟ್ ಇತ್ತು. ಸೆನ್ಸರಿನ ಕುತ್ತಿಗೆಗೆ ಕ್ಲಾಂಪ್ ಹಾಕಿ, ಅಲ್ಲಿಂದ ಎಂಜಿನ್ ಬ್ಲಾಕಿಗೆ ಬೇರೆ ಒಂದು ಕಪ್ಪು ವೈರ್ ಎಳೆದೆ. ಮುಳ್ಳು ತಕ್ಷಣ ಇಳಿದು ತನ್ನ ಜಾಗಕ್ಕೆ ಬಂತು.

ಮೀಟರನ್ನು ಸ್ಟೀರಿಯೊ ಕೆಳಗೆ ಚಿಲ್ಲರೆ ಇಡುವ ಗೂಡಿನಲ್ಲಿ ಕೂರಿಸಿದ್ದೇನೆ. 52 ಮಿಲಿಮೀಟರಿನದು, ಅಳತೆ ಮಾಡಿಸಿದಂತೆ ಕೂತಿತು. ಕರೆಂಟ್ ಫ್ಯೂಸ್ ಟ್ಯಾಪ್‌ನಿಂದ, 3 ಆಂಪಿಯರ್ ಫ್ಯೂಸ್ ಹಾಕಿ. ಗಾಡಿಯ ಒಂದು ವೈರನ್ನೂ ಕತ್ತರಿಸಿಲ್ಲ. ಮೀಟರಿನ ಬೆಳಕಿನ ವೈರನ್ನು ಪಾರ್ಕಿಂಗ್ ಲೈಟಿಗೆ ಸೇರಿಸಿದ್ದರಿಂದ ರಾತ್ರಿ ತಾನೇ ಮಂದವಾಗುತ್ತದೆ. ಹೆಡ್ ಅಲಾರಂ, ಕೂಲಂಟ್ ಲೆವೆಲ್ ಬಜರ್, ಒಂದು ವೋಲ್ಟ್ ಮೀಟರ್, ಇವೂ ಕೂತವು.

ಒಂದು ಭಯ ಇದೆ. ಬೆಳಗ್ಗೆ ತಣ್ಣಗಿದ್ದಾಗ ಆಯಿಲ್ ಪ್ರೆಶರ್ 5 ಬಾರ್ ತೋರಿಸುತ್ತದೆ. ಒಂದು ಗಂಟೆ ಓಡಿಸಿ ಸಿಗ್ನಲ್‌ನಲ್ಲಿ ನಿಂತರೆ 1.2ಕ್ಕೆ ಇಳಿಯುತ್ತದೆ. ಪಂಪು ಹೋಗುತ್ತಿದೆಯಾ?

ಹನ್ನೆರಡು ವೋಲ್ಟ್ (ವಿಲ್ಸನ್ ಗಾರ್ಡನ್)

ಹೆದರಬೇಡಿ, ಚೆನ್ನಾಗಿದೆ. ತಣ್ಣಗಿನ ಆಯಿಲ್ ಮಂದ, ಬಿಸಿ ಆಯಿಲ್ ತೆಳು. ಜೊತೆಗೆ ಐಡಲ್‌ನಲ್ಲಿ ಪಂಪು ನಿಧಾನ ತಿರುಗುತ್ತದೆ. ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್ ಅಂತ ಮೆಕ್ಯಾನಿಕ್‌ಗಳು ಬಾಯಿ ಲೆಕ್ಕ ಇಟ್ಟುಕೊಂಡಿರುತ್ತಾರೆ. 1.2 ಅದಕ್ಕಿಂತ ಜಾಸ್ತಿಯೇ ಇದೆ.

ಒಂದು ಕೆಲಸ ಮಾಡಿ. ಚಿಕ್ಕ ನೋಟ್‌ಬುಕ್ ಗಾಡಿಯಲ್ಲಿಡಿ. ಬಿಸಿಯಾದ ಮೇಲೆ ಐಡಲ್‌ನಲ್ಲಿ ಎಷ್ಟು, 2,500ರಲ್ಲಿ ಎಷ್ಟು, ಎಸಿ ಹಾಕಿ ಟ್ರಾಫಿಕ್‌ನಲ್ಲಿ ಹೆಡ್ ಎಷ್ಟು, ಎಲ್ಲ ಬರೆಯಿರಿ. ಎರಡು ವಾರದಲ್ಲಿ ನಿಮ್ಮ ಗಾಡಿಯ ಸ್ವಭಾವ ಗೊತ್ತಾಗುತ್ತದೆ. ಬೇರೆಯವರ ಗಾಡಿಯ ಅಂಕಿ ನಿಮಗೆ ಬೇಡ. ಹೆಡ್ ಅಲಾರಂ ಅನ್ನು ನೀವು ಕಂಡ ಗರಿಷ್ಠಕ್ಕಿಂತ 10 ಡಿಗ್ರಿ ಮೇಲೆ ಸೆಟ್ ಮಾಡಿ. ತೀರಾ ಹತ್ತಿರ ಇಟ್ಟರೆ ದಿನಾ ಕೂಗುತ್ತದೆ, ಬೇಸರವಾಗಿ ವೈರ್ ಕಿತ್ತುಬಿಡುತ್ತೀರಿ.

ಹಳೇ ಡೀಸೆಲ್ (ವಿಜಯನಗರ)

ನೋಟ್‌ಬುಕ್ ಇಟ್ಟೆ ಅಣ್ಣ. ಸಿಲ್ಕ್ ಬೋರ್ಡ್ ಸಂಜೆ ಟ್ರಾಫಿಕ್, ಎಸಿ ಹಾಕಿ: ಹೆಡ್ 97. ನಂದಿ ಬೆಟ್ಟ ಹತ್ತುವಾಗ: 99. ಅಲಾರಂ 109ಕ್ಕೆ ಇಟ್ಟೆ.

ಹೋದ ವಾರ ಧರ್ಮಸ್ಥಳಕ್ಕೆ ಹೋಗಿ ಬಂದೆವು. ವಾಪಸ್ ಬರುವಾಗ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿದೆವು. ಟ್ಯಾಂಕರ್ ಹಿಂದೆ ಎರಡನೇ ಗೇರಿನಲ್ಲಿ, ಮಳೆ, ಎಸಿ, ವೈಪರ್, ಹೆಡ್‌ಲೈಟ್ ಎಲ್ಲ ಹಾಕಿ. ಹೆಡ್ 101ಕ್ಕೆ ಹೋಗಿ ಫ್ಯಾನ್ ಶಬ್ದ ಬಂದ ಮೇಲೆ 96ಕ್ಕೆ ಇಳಿಯಿತು. ಆಯಿಲ್ 3.1. ಡ್ಯಾಶ್‌ಬೋರ್ಡಿನ ಮುಳ್ಳು ಅಷ್ಟು ಹೊತ್ತೂ ನಡುವೆಯೇ.

ನಾನು ಗಮನಿಸಿದ್ದು ವೋಲ್ಟ್ ಮೀಟರನ್ನು. ನೋಟ್‌ಬುಕ್ಕಿನಲ್ಲಿ ದಿನಾ 14.1 ಬರೆದಿದ್ದೆ. ಘಾಟಿಯಲ್ಲಿ 12.9ಕ್ಕೆ ಬಂತು, ಆಮೇಲೆ 12.6. ಬ್ಯಾಟರಿ ದೀಪ ಹತ್ತಿರಲಿಲ್ಲ. ಎಸಿ ನಿಲ್ಲಿಸಿದೆ, ಸ್ವಲ್ಪ ಏರಿತು. ಸಕಲೇಶಪುರ ತಲುಪಿ ಒಂದು ಗ್ಯಾರೇಜಿನಲ್ಲಿ ಬಾನೆಟ್ ತೆಗೆಸಿದೆ. ಆಲ್ಟರ್ನೇಟರ್ ಬೆಲ್ಟ್ ಸಡಿಲವಾಗಿ, ಒಂದು ಅಂಚಿನಲ್ಲಿ ನೂಲು ಎದ್ದಿತ್ತು. ಮಳೆ ನೀರಿಗೆ ಜಾರುತ್ತಿತ್ತು. ಮೆಕ್ಯಾನಿಕ್ ಬೆರಳಲ್ಲಿ ಎಳೆದು ತೋರಿಸಿದರು, ಒಂದು ಎಳೆ ಕಿತ್ತೇ ಬಂತು.

ಹೊಸ ಬೆಲ್ಟ್ ಹಾಕಿಸಿ, ಕಾಫಿ ಕುಡಿದು ಹೊರಟೆವು. ಹಾಸನ, ಚನ್ನರಾಯಪಟ್ಟಣ, ಯಡಿಯೂರು, ಮನೆವರೆಗೂ 14.1. ಅಪ್ಪ ಪಕ್ಕದಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದರು.